ಕೂವೆ ಹಿಟ್ಟು ಕೊಟ್ಟು ಕೊಂಡ ಬೈಬಲ್

ಟಣ್... ಟಣ್... ಟಣ್. ಕೇಳಿಸ್ತಾ? ಚರ್ಚಿನ ಗಂಟೆ. ಕ್ಯಾಮೆರಾ ಸ್ವಲ್ಪ ಮೇಲೆ ಎತ್ತುತ್ತೇನೆ, ನೋಡಿ. ಮರದ ಕೊಂಬೆಗೆ ನೇತು ಹಾಕಿರುವ ಖಾಲಿ ಗ್ಯಾಸ್ ಸಿಲಿಂಡರ್! ಕಬ್ಬಿಣದ ಸರಳು ಹಿಡಿದ ಹುಡುಗ ಅದಕ್ಕೆ ಬಾರಿಸ್ತಾ ಇದ್ದಾನೆ. ಮೊದಲನೇ ಗಂಟೆಗೆ ಏಳಬೇಕು, ಎರಡನೆಯದಕ್ಕೆ ಹೊರಡಬೇಕು. ಮೂರನೆಯದಕ್ಕೂ ಕೆಲವರು ಮನೆಯಲ್ಲೇ ಇರುತ್ತಾರೆ. ಅದು ನಮ್ಮ ಮಂಗಳೂರಲ್ಲೂ ಹಾಗೇ ಬಿಡಿ.

ನಾನೀಗ ಇರುವುದು ಅನೇಟ್ಯುಮ್‌ನಲ್ಲಿ. ಪೆಸಿಫಿಕ್ ಸಾಗರದ ವನವಾಟು ದೇಶದಲ್ಲಿ ಜನ ವಾಸ ಇರುವ ದ್ವೀಪಗಳ ಪೈಕಿ ದಕ್ಷಿಣದ ಕಟ್ಟಕಡೆಯದು ಇದು. ವಿಮಾನ ಇಳಿಯುವುದು ಎದುರಿನ ಇನ್ಯೂಗ್ ಅನ್ನುವ ಪುಟ್ಟ ಮರಳು ದ್ವೀಪದಲ್ಲಿ, ಹುಲ್ಲಿನ ರನ್‌ವೇ ಮೇಲೆ. ಅಲ್ಲಿಂದ ದೋಣಿ. ಕ್ರೂಸ್ ಹಡಗಿನವರು ಅದನ್ನು ಮಿಸ್ಟರಿ ಐಲ್ಯಾಂಡ್ ಅಂತಾರೆ, ಬಂದು ಈಜಿ ಸಂಜೆಗೆ ಹೋಗ್ತಾರೆ. ಅಲ್ಲಿ ಯಾರೂ ಮನೆ ಕಟ್ಟಿಲ್ಲ. ದೆವ್ವದ ಜಾಗ ಅಂತ ಹಿಂದಿನಿಂದ ನಂಬಿಕೆ.

ಚರ್ಚಿನ ಹಿಂದೆ ಹಳೇ ಕಲ್ಲು ಗೋಡೆಗಳಿವೆ. ಸುಣ್ಣ ಉದುರಿದೆ, ಮೇಲೆ ಬಳ್ಳಿ ಹಬ್ಬಿದೆ. ಒಂದು ಕಾಲಕ್ಕೆ ಇಲ್ಲಿ ಸಾವಿರ ಜನ ಕೂತು ಪ್ರಾರ್ಥನೆ ಮಾಡುತ್ತಿದ್ದರಂತೆ. ಕಟ್ಟಿಸಿದವರು ಜಾನ್ ಗೆಡ್ಡಿ. ಕೆನಡಾದ ನೋವಾ ಸ್ಕೋಷಿಯಾದಿಂದ ಬಂದ ಪ್ರೆಸ್ಬಿಟೇರಿಯನ್ ಪಾದ್ರಿ, ಅಂದರೆ ಪ್ರೊಟೆಸ್ಟೆಂಟರ ಒಂದು ಪಂಗಡದವರು. ಹೆಂಡತಿ ಶಾರ್ಲೆಟ್, ಮಕ್ಕಳ ಜೊತೆ 1848ರಲ್ಲಿ ಬಂದಿಳಿದರು. ಹೆಸರು ಗೆಡ್ಡಿ, ಗೆಡ್ಡೆಗೂ ಅವರಿಗೂ ಇರುವ ಸಂಬಂಧ ಆಮೇಲೆ ಹೇಳ್ತೇನೆ, ನಗಬೇಡಿ.

ನನಗೆ ಈ ಕತೆ ಹೊಸದೂ ಅಲ್ಲ, ಪೂರ್ತಿ ಹಳೆಯದೂ ಅಲ್ಲ. ನಾವು ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಮನೆಯವರು. 1834ರಲ್ಲಿ ಆ ಪಾದ್ರಿಗಳು ಮಂಗಳೂರಿಗೆ ಬಂದರು, ಭಾಷೆ ಕಲಿತರು, ಅಚ್ಚುಕೂಟ ಹಾಕಿದರು. ಗೆಡ್ಡಿಯವರೂ ಅದೇ ಜಾತಿಯವರು. ಊರು ಬಿಡುವ ಮೊದಲೇ ಮುದ್ರಣ ಕಲಿತಿದ್ದರು. ಅಕ್ಷರವೇ ಇಲ್ಲದ ಅನೇಟ್ಯುಮ್ ಭಾಷೆಯಲ್ಲಿ ಪುಟ್ಟ ಪ್ರೆಸ್ಸಿನಿಂದ ಓದಿನ ಪುಸ್ತಕ ಹೊರಡಿಸಿದರು.

ಆದರೆ ಅವರಿಗಿಂತ ಮೊದಲೇ ಇಲ್ಲಿಗೆ ಬಂದವರು ಸಮೋವಾದ ಬೋಧಕರು. ಅವರೂ ಪೆಸಿಫಿಕ್‌ನ ಬೇರೆ ದ್ವೀಪದವರೇ. ಜ್ವರ ಬಂದು ಸತ್ತರು, ಕೆಲವು ದ್ವೀಪಗಳಲ್ಲಿ ಕೊಲೆಯಾದರು. ಅವರ ಹೆಸರಲ್ಲಿ ಎಷ್ಟು ಕಲ್ಲು ನಿಂತಿದೆ ಹೇಳಿ? ಮುಂದೆ ಅನೇಟ್ಯುಮ್‌ನವರೇ ಬೋಧಕರಾಗಿ ಅಕ್ಕಪಕ್ಕದ ತನ್ನಾ, ಫುಟುನಾ, ಅನಿವಾ ದ್ವೀಪಗಳಿಗೆ ಅಂತ ದೋಣಿ ಹತ್ತಿದರು. ಜಾನ್ ಪೇಟನ್ ಅನ್ನುವ ಸ್ಕಾಟಿಷ್ ಪಾದ್ರಿ ದೊಡ್ಡ ಹೆಸರು. 1859ರಲ್ಲಿ ತನ್ನಾದಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಮಣ್ಣು ಮಾಡಿದವರು, 1862ರಲ್ಲಿ ಜೀವ ಉಳಿಸಿಕೊಂಡು ಓಡಿಬಂದವರು. ಆ ಕಷ್ಟದಲ್ಲಿ ಅವರ ಪಕ್ಕ ನಿಂತಿದ್ದವನು ಅನೇಟ್ಯುಮ್‌ನ ಬೋಧಕ, ಅಬ್ರಹಾಂ. ಆ ಹೆಸರು ನಮ್ಮ ಸಂಡೇ ಸ್ಕೂಲಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಪೇಟನ್ ಮಾತ್ರ ಗೊತ್ತಿತ್ತು.

ಗೆಡ್ಡಿಯವರ ನೆನಪಿನ ಫಲಕದಲ್ಲಿ ಪ್ರಸಿದ್ಧವಾದ ಒಂದು ಮಾತಿದೆ: 1848ರಲ್ಲಿ ಅವರು ಬಂದಾಗ ಇಲ್ಲಿ ಕ್ರೈಸ್ತರಿರಲಿಲ್ಲ, 1872ರಲ್ಲಿ ಹೊರಟಾಗ ಕ್ರೈಸ್ತರಲ್ಲದವರು ಇರಲಿಲ್ಲ. ಕೇಳಲು ಚೆಂದ. ಆದರೆ ಆ ನಡುವೆ ಏನಾಯಿತು ನೋಡಿ. 1861ರಲ್ಲಿ ಹಡಗಿನಲ್ಲಿ ದಡಾರ ಬಂತು. ದ್ವೀಪದ ಸುಮಾರು ಮೂರರಲ್ಲಿ ಒಂದು ಪಾಲು ಜನ ಹೋದರು. ಆಮೇಲೂ ರೋಗಗಳು ನಿಲ್ಲಲಿಲ್ಲ. ಸಾವಿರಗಟ್ಟಲೆ ಇದ್ದವರು ಇಪ್ಪತ್ತನೇ ಶತಮಾನದ ಶುರುವಿನ ಹೊತ್ತಿಗೆ ಕೆಲವೇ ನೂರು. ಪಾದ್ರಿಗಳು ಒಳ್ಳೆಯದೂ ಮಾಡಿದರು. ಗಂಡ ಸತ್ತರೆ ಹೆಂಡತಿಯ ಕತ್ತು ಹಿಸುಕುವ ಪದ್ಧತಿ ನಿಂತದ್ದು ಅವರ ಕಾಲದಲ್ಲೇ. ಕಾವಾ ಅನ್ನುವ ಬೇರಿನ ಮತ್ತಿನ ಪೇಯ, ಕುಣಿತ ಎಲ್ಲವನ್ನೂ ಪಾಪ ಅಂತ ಬದಿಗೆ ತಳ್ಳಿದ್ದು ನನಗೆ ಇಷ್ಟವಾಗೋದಿಲ್ಲ. ಎರಡೂ ಒಂದೇ ಕೈ ಮಾಡಿದ ಕೆಲಸ.

ಸರಿ, ಗೆಡ್ಡೆ ವಿಷಯ. ಬೈಬಲ್ ಅಚ್ಚಾಗಬೇಕಿತ್ತು ಲಂಡನ್ನಿನಲ್ಲಿ. ದುಡ್ಡು? ಇಲ್ಲಿಯ ಜನ ಬೆಳೆದದ್ದು ಆರಾರೂಟ್. ನಮ್ಮ ಕಡೆ ಕೂವೆ ಅಂತೇವಲ್ಲ, ಅದೇ ತರಹ. ಪೆಸಿಫಿಕ್‌ನ ಆರಾರೂಟ್ ಗಿಡ ನಮ್ಮ ಕೂವೆಯ ಕುಲದ್ದಲ್ಲ, ಹಿಟ್ಟು ತೆಗೆಯುವ ಕ್ರಮ ಮಾತ್ರ ಅದೇ: ಅಗೆದು, ತೊಳೆದು, ತುರಿದು, ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಇಳಿಯುವ ತನಕ ಬಿಡಬೇಕು. ಮೇಲಿನ ನೀರು ಚೆಲ್ಲಿ ಹೊಸ ನೀರು, ಮತ್ತೆ ಚೆಲ್ಲಿ ಮತ್ತೆ ನೀರು, ಕಹಿ ಹೋಗುವ ತನಕ. ಆಮೇಲೆ ಬಿಸಿಲು. ಹಾಗೆ ತಯಾರಾದ ಹಿಟ್ಟು ಮಿಷನ್ ಹಡಗಿನಲ್ಲಿ ಹೋಗಿ ದೂರದ ಊರುಗಳಲ್ಲಿ ಮಾರಾಟವಾಗುತ್ತಿತ್ತು, ಬಂದ ದುಡ್ಡು ಅಚ್ಚಿನ ಖರ್ಚಿಗೆ. ಹೊಸ ಒಡಂಬಡಿಕೆ 1863ರಲ್ಲಿ ಬಂತು, ದಡಾರ ಬಂದ ಎರಡೇ ವರ್ಷಕ್ಕೆ. ಇಡೀ ಬೈಬಲ್ ಕೈಗೆ ಸಿಕ್ಕಿದ್ದು 1879ರಲ್ಲಿ. ಗೆಡ್ಡೆ ಅಗೆದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಮಣ್ಣಿನಡಿ.

ಪೂಜೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ನಿಂತು ಕೈ ಕುಲುಕುತ್ತಾರೆ. ಮೊದಲು ಹೊರಗೆ ಬಂದವರ ಕೈ ಎರಡನೆಯವರು, ಅವರಿಬ್ಬರ ಕೈ ಮೂರನೆಯವರು, ಹೀಗೆ ಸಾಲು ಉದ್ದವಾಗ್ತಾ ಹೋಗ್ತದೆ. ಊರಲ್ಲಿ ಯಾರಿಗೂ ಯಾರ ಮುಖವನ್ನೂ ನೋಡದೆ ಮನೆಗೆ ಹೋಗಲು ಬಿಡುವುದಿಲ್ಲ. ಜಗಳ ಆಡಿಕೊಂಡವರಿಗೆ ಕಷ್ಟವೇ. ಇಲ್ಲಿಯ ಪಾದ್ರಿಗೂ ಸ್ವಂತ ತೋಟ ಇದೆ, ಟಾರೋ, ಅಂದರೆ ಕೆಸುವಿನ ಗೆಡ್ಡೆ, ಅವರೇ ನೆಡಬೇಕು. ಬೆಟ್ಟದ ಆಚೆ ಬದಿಯ ಹಳ್ಳಿಗೆ ಹೋಗಬೇಕಾದರೆ ದೋಣಿಯ ಪೆಟ್ರೋಲಿಗೆ ಎಲ್ಲರೂ ಸೇರಿ ಹಾಕುತ್ತಾರೆ. ದುಡ್ಡು ಒಟ್ಟಾಗದ ವಾರ, ನಡಿಗೆ.

ನಾನು ಉಳಿದುಕೊಂಡ ಮನೆಯ ಅಜ್ಜಿಯನ್ನು ಎಲ್ಲರ ಹಾಗೆ ನಾನೂ ಬುಬು ಅಂತ ಕರೆದೆ. ಇಲ್ಲಿಯ ಆಡುಭಾಷೆ ಬಿಸ್ಲಾಮಾದಲ್ಲಿ ಅಜ್ಜಿ, ಅಜ್ಜ ಇಬ್ಬರೂ ಬುಬು. ಲಾಪ್‌ಲಾಪ್‌ಗೆ ಅಂತ ಮರಗೆಣಸು ತುರೀತಾ ಇದ್ದರು. ಎಲೆಯಲ್ಲಿ ಸುತ್ತಿ ಕಾದ ಕಲ್ಲಿನ ಮೇಲೆ ಬೇಯಿಸುವ ಅಡುಗೆ ಅದು, ಮೇಲೆ ತೆಂಗಿನ ಹಾಲು. ನಮ್ಮ ಬಾಳೆಲೆ ಗಟ್ಟಿಯ ದೊಡ್ಡಣ್ಣ ಅನ್ನಿ. ಆರಾರೂಟ್ ಈಗಲೂ ಮಾಡ್ತೀರಾ ಅಂತ ಕೇಳಿದೆ. ಇಲ್ಲ ಮಗಾ, ನನ್ನ ಬುಬು ಮಾಡುತ್ತಿದ್ದಳು, ಈಗ ಅಂಗಡಿಯಲ್ಲಿ ಮೈದಾ ಸಿಗ್ತದೆ ಅಂದರು.

ಹಾಗಾದರೆ ನಾನೇ ತೋರಿಸ್ತೇನೆ ಅಂತ ಹೊರಟೆ. ನಮ್ಮಜ್ಜಿ ಹೊಟ್ಟೆ ಕೆಟ್ಟವರಿಗೆ ಕೂವೆ ಗಂಜಿ ಮಾಡಲು ಹಿಟ್ಟು ತೆಗೆಯುತ್ತಿದ್ದ ಹಾಗೇ. ತುರಿದ ಮರಗೆಣಸು ಒಂದು ಬೋಗುಣಿ ತುಂಬ. ಸೋಸಲು ಬಟ್ಟೆ ಇಲ್ಲ, ನನ್ನ ಹತ್ತಿಯ ದುಪಟ್ಟಾ ಹೋಯಿತು. ಮಕ್ಕಳೆಲ್ಲ ಸುತ್ತ ಕೂತರು. ಹಾಲಿನಂಥ ನೀರನ್ನು ಮುಚ್ಚಿ, ನಾಯಿ ಬಾಯಿ ಹಾಕದ ಹಾಗೆ ಮೇಲೆ ಕಲ್ಲಿಟ್ಟು ಮಲಗಿದೆವು. ಈ ಭಾಗ ಶೂಟ್ ಆಗಿಲ್ಲ, ಬ್ಯಾಟರಿ ಸತ್ತಿತ್ತು. ಸೋಲಾರ್ ಪ್ಯಾನೆಲ್ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು!

ಬೆಳಿಗ್ಗೆ ನೀರು ಬಸಿದರೆ ತಳದಲ್ಲಿ ಬೆಳ್ಳಗೆ, ಬೆರಳೊತ್ತಿದರೆ ಕರಕರ ಅನ್ನುವ ಹಿಟ್ಟು. ಇಡೀ ಬೋಗುಣಿಗೆ ಸೇರಿ ಒಂದು ಮುಷ್ಟಿ. ಬುಬು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಗೋಡೆಯ ಹಲಗೆ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಬೈಬಲ್ ಕಡೆಗೊಮ್ಮೆ ತಿರುಗಿದರು.

"ಅಂಥದ್ದು ಒಂದಕ್ಕೆ ಇಂಥದ್ದು ಎಷ್ಟು ಕೊಟ್ಟಿರಬಹುದು?" ಅಂತ ನನ್ನನ್ನೇ ಕೇಳಿದರು.

ಅಷ್ಟರಲ್ಲಿ ದೋಣಿಯವನು ಕೂಗಿದ.