ಫ್ರೆಡ್ಡಿ ಮರ್ಕ್ಯುರಿ ಕಥೆ ಪಂಚಗಣಿಯಿಂದ ಶುರು ಮಾಡಿ ಸ್ವಾಮಿ!

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಹೆಡ್‌ಫೋನ್ ಹಾಕಿಕೊಂಡವರು ವಾಲ್ಯೂಮ್ ಕಡಿಮೆ ಮಾಡಿಕೊಳ್ಳಿ.

ಕಳೆದ ಸಂಚಿಕೆಯಲ್ಲಿ ಮಾತಿನ ಮಧ್ಯೆ ಫ್ರೆಡ್ಡಿ ಮರ್ಕ್ಯುರಿ ವಿಷಯ ಬಂತು. ಕ್ವೀನ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡಿನ ಗಾಯಕ. ಅವನ ಸಂಗೀತದ ದಾರಿ ಶುರುವಾಗಿದ್ದು ಪಂಚಗಣಿಯಲ್ಲಿ ಅಂತ ಒಂದೇ ಒಂದು ಸಾಲು ಹೇಳಿದ್ದೆ. ಅದಕ್ಕೆ ಒಬ್ಬ ಮಹಾನುಭಾವರು ಕಾಮೆಂಟ್ ಹಾಕಿದ್ದಾರೆ. "ಸಾರ್, ಎಲ್ಲದಕ್ಕೂ ಇಂಡಿಯಾ ಕನೆಕ್ಷನ್ ಹುಡುಕಬೇಡಿ. ಲಂಡನ್‌ಗೆ ಹೋಗಿದ್ದಕ್ಕೆ ಸ್ಟಾರ್ ಆದ. ಇಲ್ಲೇ ಇದ್ದಿದ್ದರೆ ಬ್ಯಾಂಕಿನಲ್ಲಿ ಕ್ಲರ್ಕ್ ಆಗುತ್ತಿದ್ದ." ಕೊನೆಯಲ್ಲಿ ಕಣ್ಣೀರು ಬರೋ ಹಾಗೆ ನಗುವ ಇಮೋಜಿ ಬೇರೆ. ಅದಕ್ಕೆ ಲೈಕ್ ಎಷ್ಟು ಬಿದ್ದಿದೆ ಅಂದರೆ, ನನ್ನ ವಿಡಿಯೋಗೂ ಅಷ್ಟು ಬಿದ್ದಿಲ್ಲ. ಸಿಟ್ಟಿಗೆ ಅದೂ ಒಂದು ಕಾರಣ, ಇರಲಿ.

ಹಾಗಾಗಿ ಇವತ್ತು ಒಂದೇ ವಿಷಯ. ಫ್ರೆಡ್ಡಿಯ ಕಥೆ ಲಂಡನ್‌ನಿಂದ ಶುರು ಮಾಡಬೇಡಿ. ಪಂಚಗಣಿಯಿಂದ ಶುರು ಮಾಡಿ.

ಗೊತ್ತಿಲ್ಲದವರಿಗೆ ಬೇಗ ಹೇಳುತ್ತೇನೆ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕಾ ಪಕ್ಕದ ಜಂಜಿಬಾರ್ ದ್ವೀಪದ ಸ್ಟೋನ್ ಟೌನ್‌ನಲ್ಲಿ. ಹೆಸರು ಫರೋಖ್ ಬುಲ್ಸಾರಾ. ಗುಜರಾತ್ ಮೂಲದ ಪಾರ್ಸಿ ಮನೆ. ಅಪ್ಪ ಬೋಮಿ, ಬ್ರಿಟಿಷ್ ಸರ್ಕಾರದ ಕೈಕೆಳಗೆ ಕೋರ್ಟ್‌ನಲ್ಲಿ ಕ್ಯಾಷಿಯರ್. ಅಮ್ಮ ಜೆರ್. 8 ವರ್ಷದ ಹುಡುಗನನ್ನು ಸಮುದ್ರ ದಾಟಿಸಿ ಮಹಾರಾಷ್ಟ್ರದ ಪಂಚಗಣಿಗೆ ಕಳಿಸಿದರು. ಸೇಂಟ್ ಪೀಟರ್ಸ್ ಅನ್ನೋ ಬ್ರಿಟಿಷ್ ಮಾದರಿಯ ಬೋರ್ಡಿಂಗ್ ಶಾಲೆಗೆ. ಫರೋಖ್ ಹೋಗಿ ಫ್ರೆಡ್ಡಿ ಆಗಿದ್ದು ಅಲ್ಲಿಯೇ. ಲಂಡನ್ ಇನ್ನೂ ಚಿತ್ರದಲ್ಲೇ ಇಲ್ಲ, ನೋಡಿಕೊಳ್ಳಿ.

ಈಗ ಪಂಚಗಣಿ ಲೆಕ್ಕ ತೆಗೆಯೋಣ. ಪಿಯಾನೋ ಕಲಿತು ನಾಲ್ಕನೇ ಗ್ರೇಡ್ ಪರೀಕ್ಷೆ ಪಾಸ್ ಮಾಡಿದ್ದು ಎಲ್ಲಿ? ಪಂಚಗಣಿ. ಶಾಲೆಯ ಕಾಯಿರ್‌ನಲ್ಲಿ ಹಾಡಿದ್ದು, ನಾಟಕಕ್ಕೆ ಬಣ್ಣ ಹಚ್ಚಿದ್ದು? ಪಂಚಗಣಿ. ರೇಡಿಯೋದಲ್ಲಿ ಬಂದ ಹಾಡನ್ನು ಒಮ್ಮೆ ಕೇಳಿ, ಹಾಗೇ ಹೋಗಿ ಪಿಯಾನೋ ಮೇಲೆ ನುಡಿಸುತ್ತಿದ್ದ ಅಂತ ಜೊತೆಗೆ ಓದಿದವರು ನೆನಪಿಸಿಕೊಂಡಿದ್ದಾರಲ್ಲ, ಆ ಪಿಯಾನೋ ಇದ್ದಿದ್ದು ಎಲ್ಲಿ? ನೀವೇ ಹೇಳಿ. ಜೋರಾಗಿ ಹೇಳಿ. ಬಸ್‌ನಲ್ಲಿ ಕೂತಿದ್ದರೆ ಬೇಡ.

ಮುಖ್ಯ ವಿಷಯಕ್ಕೆ ಬರುತ್ತೇನೆ. 1958. ಶಾಲೆಯ ಐದು ಹುಡುಗರು ಸೇರಿ ಒಂದು ಬ್ಯಾಂಡ್ ಕಟ್ಟಿದರು. ಹೆಸರು ದಿ ಹೆಕ್ಟಿಕ್ಸ್. ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಹಾಡುಗಳನ್ನು ಬಾರಿಸುತ್ತಿದ್ದರು. ಪಿಯಾನೋ ಮುಂದೆ 12ರ ಆಸುಪಾಸಿನ ಫ್ರೆಡ್ಡಿ. ಶಾಲೆಯ ಕಾರ್ಯಕ್ರಮಗಳಲ್ಲಿ ಇವರು ವೇದಿಕೆ ಹತ್ತಿದರೆ ಪಕ್ಕದ ಹುಡುಗಿಯರ ಶಾಲೆಯವರು ಕಿರುಚಾಡುತ್ತಿದ್ದರಂತೆ. ಆ ಐವರಲ್ಲಿ ವಿಕ್ಟರಿ ರಾಣಾ ಅಂತ ಒಬ್ಬ ಇದ್ದ. ಆತ ಮುಂದೆ ನೇಪಾಳ ಸೇನೆಯಲ್ಲಿ ಜನರಲ್ ಆದ! ಒಂದೇ ಬ್ಯಾಂಡಿನಿಂದ ಒಬ್ಬ ರಾಕ್ ಸ್ಟಾರ್, ಒಬ್ಬ ಸೇನಾ ಜನರಲ್. ಇದನ್ನು ಬಿಟ್ಟು ನೀವು ಕಥೆಯನ್ನು ಲಂಡನ್ ಏರ್‌ಪೋರ್ಟ್‌ನಿಂದ ಶುರು ಮಾಡುತ್ತೀರಾ? ತಲೆ ಸರಿ ಇದೆಯಾ?

"ಅಯ್ಯೋ, ಅದು ಸ್ಕೂಲ್ ಹುಡುಗರ ಆಟ ಸಾರ್" ಅನ್ನುತ್ತೀರಿ. ಅನ್ನುತ್ತೀರಿ ಅಂತ ಗೊತ್ತಿತ್ತು. ಉತ್ತರ ರೆಡಿ ಇದೆ.

ಲಿವರ್‌ಪೂಲ್‌ಗೆ ಹೋಗೋಣ. 1956ರಲ್ಲಿ ಜಾನ್ ಲೆನನ್ ಅನ್ನೋ ಸ್ಕೂಲ್ ಹುಡುಗ, ತನ್ನಂಥ ಇನ್ನಷ್ಟು ಸ್ಕೂಲ್ ಹುಡುಗರನ್ನು ಕಟ್ಟಿಕೊಂಡು ಕ್ವಾರಿಮೆನ್ ಅಂತ ಬ್ಯಾಂಡ್ ಮಾಡಿದ. 1957ರ ಜುಲೈ 6ರಂದು ವೂಲ್ಟನ್‌ನ ಒಂದು ಚರ್ಚ್ ಜಾತ್ರೆಯಲ್ಲಿ ಬಾರಿಸಿದರು. ಅಲ್ಲಿ ಪಾಲ್ ಮೆಕಾರ್ಟ್ನಿ ಸಿಕ್ಕಿದ. ಮುಂದೆ ಬೀಟಲ್ಸ್ ಆಗಿದ್ದು ಇದೇ ಬ್ಯಾಂಡ್. ಆ ದಿನದ ಬಗ್ಗೆ ಪುಸ್ತಕ ಇದೆ, ಆ ಚರ್ಚ್‌ಗೆ ಪ್ರವಾಸಿಗರು ಹೋಗುತ್ತಾರೆ, ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರಾದರೂ "ಅದು ಸ್ಕೂಲ್ ಹುಡುಗರ ಆಟ" ಅಂದರಾ? ಇಲ್ಲ. ಅದು ಇತಿಹಾಸ. ಮರುವರ್ಷವೇ ಪಂಚಗಣಿಯಲ್ಲಿ ಐದು ಹುಡುಗರು ಅದೇ ಕೆಲಸ ಮಾಡಿದರೆ ಅದು ಸ್ಕೂಲ್ ಡೇ ಪ್ರೋಗ್ರಾಂ! ಲಿವರ್‌ಪೂಲ್ ಹುಡುಗರು ಬಾರಿಸಿದರೆ ರಾಕ್ ಅಂಡ್ ರೋಲ್, ಪಂಚಗಣಿ ಹುಡುಗರು ಬಾರಿಸಿದರೆ ಟೈಂಪಾಸ್. ಎಂಥ ನ್ಯಾಯ ರೀ ಇದು?

ಒಂದು ಸೆಕೆಂಡ್. ನೀರು ಕುಡಿಯುತ್ತೇನೆ.

ನೀರು ಕುಡಿಯುವ ಹೊತ್ತಿಗೆ ನೀವು ಸಬ್‌ಸ್ಕ್ರೈಬ್ ಮಾಡಿಬಿಡಿ. ಇಷ್ಟು ಗಂಟಲು ಹರಿದುಕೊಳ್ಳುತ್ತಿದ್ದೇನೆ, ಒಂದು ಬಟನ್ ಒತ್ತೋದಕ್ಕೆ ನಿಮಗೇನು ಕಷ್ಟ?

ಇನ್ನೊಂದು ಗುಂಪಿದೆ. ಇವರು ಸ್ವಲ್ಪ ಓದಿಕೊಂಡವರು, ಹಾಗಾಗಿ ಜಾಸ್ತಿ ಅಪಾಯ. "ಹೆಕ್ಟಿಕ್ಸ್‌ನಲ್ಲಿ ಫ್ರೆಡ್ಡಿ ಮುಖ್ಯ ಗಾಯಕನೇ ಅಲ್ಲ, ಬ್ರೂಸ್ ಮರ್ರೆ ಹಾಡುತ್ತಿದ್ದ" ಅನ್ನುತ್ತಾರೆ. ಹೌದು, ಬ್ರೂಸ್ ಮರ್ರೆಯೇ ಹಾಡುತ್ತಿದ್ದ. ಅದಕ್ಕೇನೀಗ? ಹಿಂದೆ ಪಿಯಾನೋ ಬಾರಿಸುತ್ತಾ ಕೂತವನಿಗೆ ಮುಂದೆ ನಿಂತವನು ಏನು ಮಾಡುತ್ತಾನೆ, ಜನ ಎಲ್ಲಿ ಕೂಗುತ್ತಾರೆ, ಎಲ್ಲಿ ಆಕಳಿಸುತ್ತಾರೆ, ಎಲ್ಲಾ ಕಾಣುತ್ತದೆ. ಆ ಹುಡುಗ ಅಲ್ಲಿ ಕೂತು ನೋಡಿ ನೋಡಿ ಕಲಿತ ಅನ್ನೋದು ನನ್ನ ಲೆಕ್ಕ. ಸಾಕ್ಷಿ ಕೇಳಬೇಡಿ. ಕೂತು ಸ್ವಲ್ಪ ಯೋಚನೆ ಮಾಡಿ, ನಿಮಗೂ ಹಾಗೇ ಅನಿಸುತ್ತದೆ.

ಹಲ್ಲಿನ ವಿಷಯ ಗೊತ್ತಲ್ವಾ? ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು, ಅದರಿಂದ ಮುಂದಿನವು ಉಬ್ಬಿಕೊಂಡಿದ್ದವು. ಶಾಲೆಯಲ್ಲಿ 'ಬಕಿ' ಅಂತ ಅಡ್ಡಹೆಸರು ಇಟ್ಟು ರೇಗಿಸುತ್ತಿದ್ದರು. ದುಡ್ಡು ಬಂದ ಮೇಲೂ ಅವನು ಹಲ್ಲು ಸರಿ ಮಾಡಿಸಿಕೊಳ್ಳಲಿಲ್ಲ. ದನಿ ಕೆಟ್ಟೀತು ಅನ್ನೋ ಭಯ. ರೇಗಿಸೋ ಮಂದಿಯ ಮುಂದೆ ವೇದಿಕೆ ಹತ್ತೋ ಧೈರ್ಯ ಅವನಿಗೆ ಲಂಡನ್‌ನಲ್ಲಿ ಬಂತಾ? ಇಲ್ಲ ಸ್ವಾಮಿ. ರೇಗಿಸಿದ್ದು ಎಲ್ಲೋ, ಹತ್ತಿದ್ದೂ ಅಲ್ಲೇ. ಬೋರ್ಡಿಂಗ್‌ನಲ್ಲಿದ್ದು ನನ್ನನ್ನು ನಾನೇ ನೋಡಿಕೊಳ್ಳೋದು ಕಲಿತೆ ಅಂತ ಅವನೇ ಹೇಳಿದ್ದಾನೆ. ಟೇಬಲ್ ಟೆನಿಸ್ ಆಡಿದ, ಬಾಕ್ಸಿಂಗ್ ಕೂಡ ಮಾಡಿದ. ಬಾಕ್ಸಿಂಗ್! ಆ ಮೀಸೆ, ಆ ಎತ್ತಿದ ಮುಷ್ಟಿ ಈಗ ಕಣ್ಣ ಮುಂದೆ ಬಂತಾ? ಮೀಸೆ ಪಂಚಗಣಿಯದ್ದು ಅನ್ನಲ್ಲ. ಮುಷ್ಟಿ ಮಾತ್ರ ಪಂಚಗಣಿಯದ್ದೇ.

ಪಂಚಗಣಿಯಿಂದ ಇನ್ನೊಂದು ಸ್ವಲ್ಪ ಮೇಲೆ ಹೋದರೆ ಮಹಾಬಳೇಶ್ವರ. ಕೃಷ್ಣಾ ನದಿ ಹುಟ್ಟೋದು ಅಲ್ಲಿ. ಯಾರಾದರೂ ಆಲಮಟ್ಟಿ ಡ್ಯಾಮ್ ಮುಂದೆ ನಿಂತು "ಓಹೋ, ಕೃಷ್ಣೆ ಹುಟ್ಟೋದು ಇಲ್ಲೇ" ಅಂದರೆ ನಗುತ್ತೀರಾ ಇಲ್ವಾ? ಫ್ರೆಡ್ಡಿ ಶುರುವಾಗಿದ್ದು ಲಂಡನ್‌ನಲ್ಲಿ ಅನ್ನೋರಿಗೆ ನಾನು ಹಾಗೇ ನಗೋದು.

ಈಗ ಲಂಡನ್ ಭಕ್ತರ ಸರದಿ. ನಿಮ್ಮ ಲಂಡನ್ ಏನು ಕೊಟ್ಟಿತು, ನೋಡೇಬಿಡೋಣ. 1963ರಲ್ಲಿ ಹುಡುಗ ವಾಪಸ್ ಜಂಜಿಬಾರ್‌ಗೆ ಹೋದ. 1964ರ ಜನವರಿಯಲ್ಲಿ ಅಲ್ಲಿ ಕ್ರಾಂತಿ. ಸುಲ್ತಾನನನ್ನು ಓಡಿಸಿದರು. ಅರಬರು, ಭಾರತೀಯರು ಸಾವಿರಾರು ಮಂದಿ ಸತ್ತರು. ಬುಲ್ಸಾರಾ ಮನೆಯವರು ಜೀವ ಉಳಿಸಿಕೊಂಡು ಇಂಗ್ಲೆಂಡಿಗೆ ಬಂದು, ಲಂಡನ್ ಪಕ್ಕದ ಫೆಲ್ಥಮ್‌ನಲ್ಲಿ ಪುಟ್ಟ ಮನೆ ಹಿಡಿದರು. ಇಲ್ಲಿ ತಮಾಷೆ ಮಾಡಲ್ಲ. 17ರ ವಯಸ್ಸಿಗೆ ಹುಟ್ಟಿದ ಊರೇ ಕೈಬಿಟ್ಟು ಹೋಗೋದು ಸಣ್ಣ ಮಾತಲ್ಲ.

ಆಮೇಲೆ? ಐಸಲ್‌ವರ್ತ್‌ನಲ್ಲಿ ಓದು, ನಂತರ ಈಲಿಂಗ್ ಆರ್ಟ್ ಕಾಲೇಜ್, 1969ರಲ್ಲಿ ಗ್ರಾಫಿಕ್ ಡಿಸೈನ್ ಡಿಪ್ಲೊಮಾ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹುಚ್ಚು ಹಿಡಿದು ಅವನ ಚಿತ್ರಗಳನ್ನು ಬಿಡಿಸುತ್ತಾ ಕೂತ. ಹೀಥ್ರೋ ಏರ್‌ಪೋರ್ಟ್‌ನಲ್ಲಿ ಲಗೇಜ್ ಹೊತ್ತ. ಮುಂದೆ ಕ್ವೀನ್‌ನ ಡ್ರಮ್ಮರ್ ಆದ ರೋಜರ್ ಟೇಲರ್ ಜೊತೆ ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಹಳೇ ಬಟ್ಟೆ ಮಾರಿದ. ಇಷ್ಟು ಕೊಟ್ಟಿತು ನಿಮ್ಮ ಲಂಡನ್. ಲಗೇಜ್ ಮತ್ತು ಹಳೇ ಬಟ್ಟೆ!

ಹೆಂಡ್ರಿಕ್ಸ್ ಅಂತ ಹೇಳಿದೆನಲ್ಲ, ಅದನ್ನೇ ಹಿಡಿದುಕೊಂಡು ಬರುತ್ತೀರಿ ಅಂತ ಗೊತ್ತು. ಬನ್ನಿ. ಹೆಂಡ್ರಿಕ್ಸ್ ಅಮೆರಿಕದವನು. ಮುಗಿಯಿತು.

ಫ್ರೆಡ್ಡಿ ಬಗ್ಗೆ ಬಂದ 2018ರ 'ಬೊಹೀಮಿಯನ್ ರಾಪ್ಸೊಡಿ' ಸಿನಿಮಾ ನೋಡಿದ್ದೀರಲ್ಲ. ಅದರಲ್ಲಿ ಏನು ತೋರಿಸುತ್ತಾರೆ? ಒಂದು ರಾತ್ರಿ, ಗಿಟಾರ್ ಬಾರಿಸೋ ಬ್ರಿಯಾನ್ ಮೇ ಮತ್ತು ರೋಜರ್ ಇದ್ದ ಸ್ಮೈಲ್ ಅನ್ನೋ ಬ್ಯಾಂಡಿನ ಗಾಯಕ ಬಿಟ್ಟು ಹೋಗುತ್ತಾನೆ. ಅದೇ ರಾತ್ರಿ ಫ್ರೆಡ್ಡಿ ಬಂದು ವ್ಯಾನ್ ಹತ್ತಿರ ನಿಂತು ಎರಡು ಸಾಲು ಹಾಡುತ್ತಾನೆ. ಬ್ರಿಯಾನ್ ಮೇ, ರೋಜರ್ ಟೇಲರ್ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಸುಳ್ಳು! ಆ ಗಾಯಕ ಟಿಮ್ ಸ್ಟಾಫೆಲ್ ಇವನದ್ದೇ ಕಾಲೇಜಿನವನು. ಇವರೆಲ್ಲ ಎಷ್ಟೋ ದಿನದಿಂದ ಪರಿಚಯ. ಫ್ರೆಡ್ಡಿ ಅವರ ಕಾರ್ಯಕ್ರಮಕ್ಕೆ ಹೋಗಿ ಹೀಗೆ ಮಾಡಿ, ಹಾಗೆ ಮಾಡಿ ಅಂತ ಸಲಹೆ ಕೊಟ್ಟು ತಲೆ ತಿನ್ನುತ್ತಿದ್ದ. ಅಷ್ಟರಲ್ಲಿ ಐಬೆಕ್ಸ್ ಅನ್ನೋ ಲಿವರ್‌ಪೂಲ್ ಹುಡುಗರ ಬ್ಯಾಂಡ್ ಸೇರಿ, 1969ರ ಆಗಸ್ಟ್ 23ರಂದು ಬೋಲ್ಟನ್‌ನಲ್ಲಿ ಹಾಡಿದ್ದ. ಐಬೆಕ್ಸ್ ಹೆಸರು ಬದಲಾಗಿ ರೆಕೇಜ್ ಆಯಿತು. ಅದೂ ನಿಂತಿತು. ಸೋರ್ ಮಿಲ್ಕ್ ಸೀ ಅಂತ ಇನ್ನೊಂದು ಸೇರಿದ, ಅದೂ ಒಡೆಯಿತು. ಎಂಥೆಂಥ ಹೆಸರುಗಳು! ಹುಳಿ ಹಾಲು ಅಂತ ಹೆಸರಿಟ್ಟರೆ ಒಡೆಯದೆ ಇನ್ನೇನಾಗುತ್ತದೆ?

ಎಡಿಟರ್ ಕ್ಯಾಮೆರಾ ಹಿಂದಿನಿಂದ ಕೈ ಮಾಡುತ್ತಿದ್ದಾನೆ. "ಸಾರ್, ಇದೆಲ್ಲಾ ಇಂಗ್ಲೆಂಡಿನಲ್ಲೇ ತಾನೇ ಆಗಿದ್ದು?" ಅಂತ. ನೀನು ಎಡಿಟ್ ಮಾಡಪ್ಪ.

1970ರ ಏಪ್ರಿಲ್‌ನಲ್ಲಿ ಬ್ರಿಯಾನ್, ರೋಜರ್ ಜೊತೆ ಸೇರಿದ. ಬ್ಯಾಂಡಿಗೆ ಕ್ವೀನ್ ಅಂತ ಹೆಸರಿಟ್ಟ. ತನ್ನ ಬುಲ್ಸಾರಾ ತೆಗೆದು ಮರ್ಕ್ಯುರಿ ಮಾಡಿಕೊಂಡ. ಆರ್ಟ್ ಕಾಲೇಜ್ ಓದಿದ್ದಕ್ಕೆ ಬ್ಯಾಂಡಿನ ಲಾಂಛನವನ್ನೂ ಅವನೇ ಬರೆದ. ಆಮೇಲೆ ಬಂದ ಜಾನ್ ಡೀಕನ್‌ನೂ ಸೇರಿಸಿ ನಾಲ್ವರ ರಾಶಿ ಇಟ್ಟುಕೊಂಡು ಎರಡು ಸಿಂಹ, ಒಂದು ಏಡಿ, ಕನ್ಯಾ ರಾಶಿಯ ತನಗೆ ಮಾತ್ರ ಎರಡು ಕಿನ್ನರಿ. ಅದೇ ವರ್ಷ ಜೂನ್ 27ರಂದು ಕಾರ್ನ್‌ವಾಲ್‌ನ ಟ್ರೂರೋದಲ್ಲಿ ಈ ಮೂವರ ಜೊತೆಯ ಮೊದಲ ಕಾರ್ಯಕ್ರಮ. ಅದು ಯಾರು ಮಾಡಿಸಿದ್ದು ಗೊತ್ತಾ? ರೋಜರ್ ಅಮ್ಮ. ರೆಡ್ ಕ್ರಾಸ್ ಸಹಾಯಾರ್ಥ! ಜಗತ್ತಿನ ಅಷ್ಟು ದೊಡ್ಡ ಬ್ಯಾಂಡ್ ಶುರುವಾಗಿದ್ದು ಒಬ್ಬ ತಾಯಿ ಮುತುವರ್ಜಿ ವಹಿಸಿ ಮಾಡಿಸಿದ ಕಾರ್ಯಕ್ರಮದಲ್ಲಿ. ಇದು ನಿಮಗೆ ಸ್ಕೂಲ್ ಡೇ ಥರ ಕಾಣಲ್ವಾ? ನನಗಂತೂ ಅಚ್ಚು ಪಂಚಗಣಿ ಥರವೇ ಕಾಣುತ್ತದೆ.

1971ರಲ್ಲಿ ಬೇಸ್ ಗಿಟಾರ್ ಬಾರಿಸೋಕೆ ಜಾನ್ ಡೀಕನ್ ಬಂದ. 1973ರ ಜುಲೈಯಲ್ಲಿ ಮೊದಲ ಆಲ್ಬಮ್. ಹೆಕ್ಟಿಕ್ಸ್‌ನಿಂದ ಇಲ್ಲಿಗೆ 15 ವರ್ಷ. ಆ 15 ವರ್ಷದ ಮೊದಲ ತುದಿ ಎಲ್ಲಿದೆ? ನಾನು ಇನ್ನು ಹೇಳಲ್ಲ. ನೀವೇ ಮ್ಯಾಪ್ ತೆಗೆದು ನೋಡಿ. ಪುಣೆಯಿಂದ ಸತಾರಾ ಕಡೆ ಬನ್ನಿ, ಬಲಕ್ಕೆ ಘಾಟ್ ಹತ್ತಿ.

"ಅವನೇ ಇಂಡಿಯಾ ಬಗ್ಗೆ ಜಾಸ್ತಿ ಮಾತಾಡುತ್ತಿರಲಿಲ್ಲವಲ್ಲ" ಅನ್ನೋರು ಇನ್ನೂ ಇದ್ದೀರಾ? ಮಾತಾಡಲಿಲ್ಲ, ಸರಿ. ನೀವು ನಿಮ್ಮ ಹಾಸ್ಟೆಲ್ ಬಗ್ಗೆ ದಿನಾ ಮಾತಾಡುತ್ತೀರಾ? ಹಾಗಂತ ನೀವು ಹಾಸ್ಟೆಲ್‌ನಲ್ಲಿ ಇರಲೇ ಇಲ್ವಾ? ಬಿಡ್ರಿ.

ಇನ್ನೊಂದು ಕಾರಣ ಏನು ಅಂದರೆ... ಸ್ಕ್ರಿಪ್ಟ್‌ನಲ್ಲಿ ಇಲ್ಲಿ "ಇನ್ನೊಂದು ಕಾರಣ" ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಪರವಾಗಿಲ್ಲ, ಖಾಲಿ ಜಾಗದಲ್ಲೂ ಅದೇ ಇದೆ ಅಂದುಕೊಳ್ಳಿ. ಪಂಚಗಣಿ! 1985ರಲ್ಲಿ ಲಂಡನ್‌ನ ವೆಂಬ್ಲಿ ಸ್ಟೇಡಿಯಂನಲ್ಲಿ, ಲೈವ್ ಏಡ್ ಅನ್ನೋ ಸಹಾಯಾರ್ಥ ಸಂಗೀತ ಕಾರ್ಯಕ್ರಮದ ದಿನ, ಪಿಯಾನೋ ಮುಂದೆ ಕೂತೇ ಶುರು ಮಾಡಿದ ತಾನೇ? ಮೈಕ್ ಹಿಡಿದು ಆಮೇಲೆ ಓಡಿದ. ಮೊದಲು ಪಿಯಾನೋ! ಅದನ್ನು ಕಲಿತಿದ್ದು ಎಲ್ಲಿ? ನೋಡಿ, ಮೈ ಜುಂ ಅಂತಿದೆ. ಇದು ವಾದ ಅಲ್ಲ ಅನ್ನುತ್ತೀರಾ? ಅನ್ನಿ. ನನ್ನ ಚಾನೆಲ್, ನನ್ನ ಮೈಕ್, ನನ್ನ ಪಂಚಗಣಿ.

ಹಾಂ, ಮೆಂಬರ್‌ಶಿಪ್ ಲಿಂಕ್ ಕೆಳಗಿದೆ. ಟೀ ಶರ್ಟ್ ಕೂಡ ಮಾಡಿಸೋಣ ಅಂತಿದ್ದೇನೆ, ಮೇಲೆ 'ದಿ ಹೆಕ್ಟಿಕ್ಸ್, 1958' ಅಂತ ಪ್ರಿಂಟ್ ಹಾಕಿಸಿ. ಬೇಕಾದವರು ಸೈಜ್ ಬರೆಯಿರಿ. ಲಂಡನ್ ಪಾರ್ಟಿಯವರಿಗೆ ಸ್ಮಾಲ್ ಸೈಜ್ ಮಾತ್ರ ಕೊಡೋದು. ಮುಂದಿನ ವಾರ ಜಾನ್ ಡೀಕನ್ ಬಗ್ಗೆ ಮಾತಾಡುತ್ತೇನೆ. ಬೇಸ್ ಗಿಟಾರ್ ಬಾರಿಸೋರಿಗೆ ಈ ದೇಶದಲ್ಲಿ ಒಬ್ಬರೂ ಮರ್ಯಾದೆ ಕೊಡಲ್ಲ, ಅದರ ಮೇಲೆ ನನಗೆ ಇದಕ್ಕಿಂತ ಜಾಸ್ತಿ ಸಿಟ್ಟಿದೆ.