ದೋಣಿಯ ಕೆಳಗೆ ಮೀನಿದೆ, ಬಾಯಿ ಹಾಕುತ್ತಿಲ್ಲ

ಕೇಳುಗರಿಗೆ ನಮಸ್ಕಾರ.

ಅಕ್ಟೋಬರ್ ತಿಂಗಳ ಒಂದು ಬೆಳಗಿನ ಜಾವ. ಟೆಕ್ಸಸ್ ಮತ್ತು ಒಕ್ಲಹೋಮಾ ರಾಜ್ಯಗಳ ಗಡಿಯಲ್ಲಿರುವ ಟೆಕ್ಸೋಮಾ ಜಲಾಶಯದ ನಡುವೆ ನಮ್ಮ ದೋಣಿ ನಿಂತಿತ್ತು. ಶಬ್ದದಿಂದ ಮೀನನ್ನು ಪತ್ತೆಹಚ್ಚುವ ಸೋನಾರ್ ಸಾಧನದ ಪರದೆಯ, ಅಂದರೆ ತೆರೆಯ ಮೇಲೆ ಹನ್ನೆರಡು ಮೀಟರ್ ಆಳದಿಂದ ತಳದವರೆಗೆ ಕಮಾನುಗಳ ಸಾಲು, ಎಣಿಸಲಾಗದಷ್ಟು ಮೀನು. ಗಾಳ ಇಳಿಬಿಟ್ಟು ಒಂದೂವರೆ ಗಂಟೆ ಕಳೆದರೂ ಒಂದು ಮೀನೂ ಬಾಯಿ ಹಾಕಿರಲಿಲ್ಲ. ಜೊತೆಗಿದ್ದ ಗೆಳೆಯರು, ಡಲ್ಲಾಸ್‌ನಲ್ಲಿ ನೆಲೆಸಿರುವ ಶಿವಮೊಗ್ಗದ ಕಡೆಯವರು, ತೆರೆಯನ್ನೇ ನೋಡುತ್ತಾ, "ಇಷ್ಟೊಂದು ಮೀನು ಇಟ್ಟುಕೊಂಡು ಬರಿಗೈಯಲ್ಲಿ ಹೋಗುವುದೆಂದರೆ ಹೊಟ್ಟೆ ಉರಿಯುತ್ತದೆ" ಎಂದರು. ಆ ಹೊಟ್ಟೆಯುರಿಯ ಬಗ್ಗೆಯೇ ಇಂದಿನ ನನ್ನ ಮಾತು.

ನನ್ನ ಸೋದರಮಾವ ತುಂಗಭದ್ರೆಯ ಹಿನ್ನೀರಿನಲ್ಲಿ ಗಾಳ ಹಾಕುತ್ತಿದ್ದರು. ಬೆಂಡು ಅಲುಗಿದರೆ ಮೀನಿದೆ, ಅಲುಗದಿದ್ದರೆ ಇಲ್ಲ. ಅವರ ಲೆಕ್ಕ ಅಷ್ಟೇ ಆಗಿತ್ತು. ಮೀನು ಇದ್ದೂ ಕಚ್ಚುವುದಿಲ್ಲ ಎಂಬ ಸಂಕಟ ಅವರಿಗೆ ಗೊತ್ತಿರಲಿಲ್ಲ. ಅದು ಸೋನಾರ್ ಬಂದ ಮೇಲೆ ಹುಟ್ಟಿದ ಸಂಕಟ. ಹಾಗಾಗಿ ಮೊದಲು ಆ ತೆರೆ ಏನು ಹೇಳುತ್ತಿದೆ ಎಂದು ಸರಿಯಾಗಿ ಓದಬೇಕು.

ದೋಣಿಯ ತಳದಲ್ಲಿರುವ ಸಾಧನ ನೀರಿನೊಳಗೆ ಶಬ್ದದ ಅಲೆಯನ್ನು ಕಳುಹಿಸುತ್ತದೆ. ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲಕ್ಕೆ ತಾಗಿ ಅದು ಮರಳುತ್ತದೆ. ಶಬ್ದ ಶಂಕುವಿನಂತೆ ಅಗಲವಾಗುತ್ತಾ ಇಳಿಯುವುದರಿಂದ, ಇಪ್ಪತ್ತು ಡಿಗ್ರಿ ಕೋನದ ಶಂಕು ಹದಿನೈದು ಮೀಟರ್ ಆಳದಲ್ಲಿ ಸುಮಾರು ಐದು ಮೀಟರ್ ಅಗಲದ ಜಾಗವನ್ನಷ್ಟೇ ನೋಡುತ್ತದೆ. ತೆರೆಯ ಬಲ ಅಂಚಿನಲ್ಲಿರುವುದು ಮಾತ್ರ ಈ ಕ್ಷಣದ ಸಂಗತಿ. ಅದರ ಎಡಕ್ಕಿರುವುದೆಲ್ಲ ಆಗಲೇ ಕಳೆದುಹೋದದ್ದು. ತೆರೆ ತುಂಬ ಕಮಾನುಗಳಿದ್ದರೂ ಅವನ್ನು ಬರೆದ ಮೀನುಗಳು ಎರಡು ನಿಮಿಷದ ಹಿಂದೆಯೇ ದೋಣಿಯಡಿಯಿಂದ ಹೋಗಿರಬಹುದು. ಇನ್ನೊಂದು ಮಾತು: ಮೀನು ಶಂಕುವಿನ ಅಂಚಿನಲ್ಲಿದ್ದಾಗ ದೂರ ಹೆಚ್ಚಾಗುವುದರಿಂದ ಅದು ಇರುವುದಕ್ಕಿಂತ ಆಳದಲ್ಲಿ ಕಾಣಿಸುತ್ತದೆ. ಕಮಾನಿನ ನೆತ್ತಿಯೇ ಅದರ ನಿಜವಾದ ಆಳಕ್ಕೆ ಹತ್ತಿರ. ಕಮಾನಿನ ಕಾಲುಗಳನ್ನು ನೋಡಿ ಎರೆ ಇಳಿಸಿದರೆ ಎರೆ ಮೀನಿನ ಕೆಳಗೆ ಹೋಗಿ ನಿಲ್ಲುತ್ತದೆ.

ಇದು ಸಣ್ಣ ತಪ್ಪಲ್ಲ. ನಾವು ಹಿಡಿಯಹೋಗಿದ್ದ ಸ್ಟ್ರೈಪ್ಡ್ ಬಾಸ್, ಅಂದರೆ ಇಲ್ಲಿನ ಜನ ಸ್ಟ್ರೈಪರ್ ಎಂದು ಕರೆಯುವ ಈ ಪಟ್ಟೆಮೀನು, ಬೇಟೆಗೆ ಮೇಲಕ್ಕೆ ಏರುವುದೇ ಹೆಚ್ಚು. ತನಗಿಂತ ಮೇಲೆ, ಬೆಳಕಿಗೆ ಎದುರಾಗಿ ಕಾಣುವ ಚಿಕ್ಕ ಮೀನಿನ ಮೇಲೆ ಎರಗುತ್ತದೆ. ತನ್ನ ಹೊಟ್ಟೆಯಡಿ ತೂಗಾಡುವ ಎರೆಗಾಗಿ ಅದು ತಲೆ ತಗ್ಗಿಸುವುದು ಅಪರೂಪ. ಹದಿಮೂರು ಮೀಟರ್‌ನಲ್ಲಿ ಮೀನು ಕಂಡರೆ ನಾನು ಹನ್ನೆರಡಕ್ಕೇ ಎರೆಯನ್ನು ನಿಲ್ಲಿಸುತ್ತೇನೆ. ಅಂದಾಜಿನಿಂದ ದಾರ ಬಿಡುವುದಿಲ್ಲ. ನಮ್ಮ ಹಿರಿಯರು ಬಾವಿಯ ಆಳವನ್ನು ಮಾರಿನಲ್ಲಿ ಅಳೆದ ಹಾಗೆ ಮಾರು ಮಾರಾಗಿ ಅಳೆದೇ ಬಿಡುತ್ತೇನೆ.

ಈ ಮೀನಿನ ಸ್ವಭಾವ ತಿಳಿಯಬೇಕಾದರೆ ಅದು ಎಲ್ಲಿಂದ ಬಂತೆಂದು ತಿಳಿಯಬೇಕು. ಇದು ಮೂಲತಃ ಅಟ್ಲಾಂಟಿಕ್ ಕರಾವಳಿಯದು. ಸಮುದ್ರದಲ್ಲಿ ಬೆಳೆದು ವಸಂತದಲ್ಲಿ ಹಡ್ಸನ್ ನದಿಗೂ ಚೆಸಾಪೀಕ್ ಕೊಲ್ಲಿಗೆ ಸೇರುವ ನದಿಗಳಿಗೂ ಮೊಟ್ಟೆಯಿಡಲು ಬರುತ್ತದೆ. 1941ರಲ್ಲಿ ದಕ್ಷಿಣ ಕೆರೊಲಿನಾದ ಸ್ಯಾಂಟೀ ನದಿಗೆ ಅಣೆಕಟ್ಟು ಕಟ್ಟಿದಾಗ ಒಳಗೆ ಸಿಕ್ಕಿಕೊಂಡ ಮೀನುಗಳು ಸಿಹಿನೀರಿನಲ್ಲೇ ಬದುಕಿ ಸಂತಾನ ಬೆಳೆಸಿದವು. ಸಮುದ್ರವಿಲ್ಲದೆಯೂ ಇದು ಬಾಳಬಲ್ಲದು ಎಂದು ಜನರಿಗೆ ಮನದಟ್ಟಾದದ್ದು ಆಗ. ರೆಡ್ ನದಿಗೆ 1944ರಲ್ಲಿ ಡೆನಿಸನ್ ಅಣೆಕಟ್ಟು ಕಟ್ಟಿ ಮುಗಿಸಿದ್ದರಿಂದ ಹುಟ್ಟಿದ ಟೆಕ್ಸೋಮಾಕ್ಕೆ 1960ರ ದಶಕದಲ್ಲಿ ಮರಿಗಳನ್ನು ತಂದು ಬಿಟ್ಟರು. ಇದರ ಮೊಟ್ಟೆ ಒಡೆಯುವವರೆಗೆ, ಸುಮಾರು ಎರಡು ದಿನ, ಹರಿವ ನೀರಿನಲ್ಲಿ ತೇಲುತ್ತಲೇ ಇರಬೇಕು. ತಳಕ್ಕೆ ಕೂತರೆ ಸಾಯುತ್ತದೆ. ಹಾಗಾಗಿ ಬಹುಪಾಲು ಜಲಾಶಯಗಳಲ್ಲಿ ಮತ್ತೆ ಮತ್ತೆ ಮರಿ ಬಿಡಬೇಕಾಗುತ್ತದೆ. ಟೆಕ್ಸೋಮಾಕ್ಕೆ ರೆಡ್ ಮತ್ತು ವಾಷಿಟಾ ಎಂಬ ಎರಡು ನದಿಗಳ ಓಟವಿದೆ. ಇಲ್ಲಿ ಮೀನು ತಾನಾಗಿಯೇ ವಂಶ ಬೆಳೆಸಿಕೊಂಡಿದೆ.

ಅಣೆಕಟ್ಟಿನೊಳಗೆ ಹುಟ್ಟಿದ ಮೀನಿಗೂ ಹರಿವಿನ ನಂಟು ಬಿಟ್ಟಿಲ್ಲ. ಸಮುದ್ರತೀರದಲ್ಲಿ ಉಬ್ಬರವಿಳಿತ ನೀರನ್ನು ಎಳೆಯುವ ಹೊತ್ತೇ ಇದರ ಊಟದ ಹೊತ್ತು. ಜಲಾಶಯದಲ್ಲಿ ವಿದ್ಯುದಾಗಾರದ ಟರ್ಬೈನ್ ತಿರುಗಿ ನೀರು ಸರಿಯತೊಡಗಿದಾಗ ಶ್ಯಾಡ್ ಎಂಬ ಬೆಳ್ಳಿಬಣ್ಣದ ಚಿಕ್ಕ ಮೀನುಗಳ ಗುಂಪು ಚದುರುತ್ತದೆ, ಸ್ಟ್ರೈಪರ್ ಎಚ್ಚರಗೊಳ್ಳುತ್ತದೆ. ಗಾಳಿ ಎದ್ದು ಅಲೆ ಒಂದು ದಡಕ್ಕೆ ಹೊಡೆಯುವಾಗಲೂ ಹೀಗೆಯೇ. ನೀರು ಕನ್ನಡಿಯಂತೆ ನಿಂತ ಹೊತ್ತಿನಲ್ಲಿ ತೆರೆಯ ಮೇಲೆ ಕಾಣುವುದು ಹೊಟ್ಟೆ ತುಂಬಿ ವಿರಮಿಸುವ ಮೀನು. ಊಟ ಮುಗಿಸಿ ಕೈತೊಳೆದವರ ಮುಂದೆ ಎಲೆ ಹಾಕಿದರೆ ಅವರು ಕೂರುವರೇ?

ಕೂರಿಸುವ ಉಪಾಯಗಳು ಕೆಲವಿವೆ. ಹಸಿವಿಲ್ಲದ ಮೀನನ್ನೂ ಕೆಣಕಿ ಕಚ್ಚಿಸಬಹುದು. ಇಲ್ಲಿ ಸ್ಲ್ಯಾಬ್ ಎಂದು ಕರೆಯುವ ಚಪ್ಪಟೆಯಾದ ಸೀಸದ ಹುಸಿಮೀನನ್ನು ತಳಕ್ಕೆ ಇಳಿಸಿ, ಮೀನುಗಳ ನಡುವಿನಿಂದ ರೀಲನ್ನು ರಭಸವಾಗಿ ಸುತ್ತುತ್ತಾ ಮೇಲೆ ತರುತ್ತೇವೆ. ತಪ್ಪಿಸಿಕೊಂಡು ಓಡುವುದನ್ನು ಅಟ್ಟುವುದು ಅದರ ರಕ್ತದಲ್ಲಿದೆ. ದೋಣಿಯ ನೆಲವನ್ನು ಒಂದೇ ಲಯದಲ್ಲಿ ಕುಟ್ಟುವವರೂ ಇದ್ದಾರೆ. ಮೊದಲು ನಾನಿದನ್ನು ನಂಬಿರಲಿಲ್ಲ. ಒಂದು ಜನವರಿಯಲ್ಲಿ ಕುಟ್ಟತೊಡಗಿದ ಕೆಲವೇ ನಿಮಿಷಗಳಲ್ಲಿ ಖಾಲಿ ತೆರೆ ತುಂಬಿದ್ದನ್ನು ಕಂಡ ಮೇಲೆ ನಂಬಿದೆ. ಮೀನಿನ ಮೈಯ ಪಕ್ಕದ ರೇಖೆ ನೀರಿನ ಕಂಪನವನ್ನು ಗ್ರಹಿಸುತ್ತದೆ. ಆ ಸದ್ದು ಅದಕ್ಕೆ ಬೇರೆ ಮೀನುಗಳ ಊಟದ ಗದ್ದಲದಂತೆ ಕೇಳಿಸುತ್ತದೆಯೋ ಏನೋ ಎಂದು ನನ್ನ ಊಹೆ. ತಣ್ಣೀರಿನ ದಿನಗಳಲ್ಲಿ ಮಾತ್ರ ಎಲ್ಲವನ್ನೂ ನಿಧಾನಗೊಳಿಸಬೇಕು. ಆಗ ಮೀನು ಅಟ್ಟುವುದಿಲ್ಲ. ಚಿಕ್ಕ ಎರೆಯನ್ನು ಅಲುಗಾಡಿಸದೆ ಅದರ ಕಣ್ಣೆದುರು ಹಿಡಿದಿಟ್ಟರೆ ಮೆಲ್ಲಗೆ ಬಾಯಿ ಹಾಕುತ್ತದೆ.

ಬೇಸಿಗೆಯ ಮಾತು ಬೇರೆ, ಅದನ್ನು ಒತ್ತಿ ಹೇಳಬೇಕು. ಬಿಸಿಲಿಗೆ ಮೇಲಿನ ನೀರು ಕಾಯುತ್ತದೆ, ಆಳದ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ದೊಡ್ಡ ಸ್ಟ್ರೈಪರ್‌ಗೆ ತಂಪೂ ಬೇಕು, ಉಸಿರೂ ಬೇಕು. ಎರಡೂ ಸಿಗುವ ತೆಳುವಾದ ಪದರದಲ್ಲಿ ಅವೆಲ್ಲ ಒತ್ತೊತ್ತಾಗಿ ಸೇರುತ್ತವೆ. ತೆರೆಯ ಮೇಲೆ ಅದು ಜಾತ್ರೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಆಶ್ರಯಕ್ಕೆ ಬಂದವರ ಗುಂಪು. ಅಲ್ಲಿಂದ ಮೇಲಿನ ಬಿಸಿನೀರಿಗೆ ಎಳೆದ ಮೀನನ್ನು ಮತ್ತೆ ಬಿಟ್ಟರೂ ಅದು ಉಳಿಯುವುದು ಕಷ್ಟ. ನಾನು ಜುಲೈ, ಆಗಸ್ಟ್‌ನಲ್ಲಿ ಮನೆಯ ಅಡುಗೆಗೆ ಬೇಕಾದಷ್ಟು ಹಿಡಿದು ದಾರ ಸುತ್ತುತ್ತೇನೆ. ಹಿಡಿದು ಬಿಡುವ ಆಟವನ್ನು ಆ ತಿಂಗಳುಗಳಲ್ಲಿ ಆಡುವುದೇ ಇಲ್ಲ. ಅಟ್ಲಾಂಟಿಕ್ ತೀರದಲ್ಲಿ ಈ ಮೀನು ಎಷ್ಟು ಕುಗ್ಗಿತೆಂದರೆ ಮೇರಿಲ್ಯಾಂಡ್ ರಾಜ್ಯ 1985ರಿಂದ 1990ರವರೆಗೆ ಅದನ್ನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. ಆ ಕಥೆ ತಿಳಿದವರು ಆಳದ ಗುಂಪನ್ನು ಕಂಡು ಮೈಮರೆಯಲಾರರು.

ಆ ಅಕ್ಟೋಬರ್ ಬೆಳಿಗ್ಗೆ ಏನಾಯಿತೆಂದು ಹೇಳುತ್ತೇನೆ. ನೀರಿನ ಮೇಲೆ ಕಡಲಹಕ್ಕಿಗಳ ಹಿಂಡೊಂದು ಸುಮ್ಮನೆ ತೇಲುತ್ತಿತ್ತು. ಗೆಳೆಯರು ಬೇರೆ ಕಡೆ ಹೋಗೋಣವೆಂದರು. ಹಕ್ಕಿಗಳು ಕೂತಿರುವವರೆಗೆ ಕಾಯೋಣವೆಂದೆ. ಊಟ ಮತ್ತೆ ಸಿಗುವುದೆಂಬ ನಂಬಿಕೆ ಇಲ್ಲದಿದ್ದರೆ ಅವು ಅಲ್ಲಿ ಕೂರುತ್ತಿರಲಿಲ್ಲ. ಒಂಬತ್ತರ ಹೊತ್ತಿಗೆ ದಕ್ಷಿಣದ ಗಾಳಿ ಬೀಸತೊಡಗಿತು. ಸಿಕ್ಕ ಮೊದಲ ಮೀನು ದೋಣಿಯೊಳಗೆ ಕಾರಿದ್ದು ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಶ್ಯಾಡ್ ಮರಿಗಳನ್ನು. ನಮ್ಮ ಸ್ಲ್ಯಾಬ್ ಅದರ ಮೂರರಷ್ಟು ದೊಡ್ಡದಿತ್ತು. ಪೆಟ್ಟಿಗೆಯಲ್ಲಿದ್ದ ಅತಿ ಚಿಕ್ಕದನ್ನು ಹುಡುಕಿ ಕಟ್ಟಿ, ಏಳು ಮಾರು ಇಳಿಸಿ ನಿಲ್ಲಿಸಿದೆವು. ತೆರೆಯ ಬಲ ಅಂಚಿನಲ್ಲಿ ನಮ್ಮ ಸ್ಲ್ಯಾಬಿನ ಸಣ್ಣ ಗೆರೆ ಅಡ್ಡಲಾಗಿ ಸಾಗುತ್ತಿತ್ತು. ಅದರ ಕೆಳಗಿನಿಂದ ಇನ್ನೊಂದು ದಪ್ಪ ಗೆರೆ ಓರೆಯಾಗಿ ಮೇಲೇರತೊಡಗಿತು. ಗೆಳೆಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಎರಡು ಗೆರೆಗಳು ಕೂಡಿದವು, ಅವರ ಕೈಯ ಕೋಲು ಬಾಗಿತು.

ನಮಸ್ಕಾರ.