ವ್ಯಾಟ್ ಬಿಡಿ, ರೇಖೆ ನೋಡಿ

ಶ್ರೋತೃಗಳಿಗೆ ನಮಸ್ಕಾರ.

ಮನೆಯಲ್ಲಿಯೇ ಒಳ್ಳೆಯ ಸ್ಪೀಕರ್ ಕಟ್ಟಿಕೊಳ್ಳಬೇಕೆಂದು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಇದು ಎಷ್ಟು ವ್ಯಾಟ್?" ಎಂದು. ಆಮೇಲೆ ಡ್ರೈವರನ್ನು, ಅಂದರೆ ಸ್ಪೀಕರಿನಲ್ಲಿ ಧ್ವನಿ ಹೊರಡಿಸುವ ಭಾಗವನ್ನು, ಕೈಯಲ್ಲಿ ತೂಗಿ ನೋಡಿ, ಅಯಸ್ಕಾಂತ ಭಾರವಾಗಿದ್ದರೆ ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಎರಡು ಅಭ್ಯಾಸಗಳನ್ನೂ ಬಿಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಬಂದಿದ್ದೇನೆ. ನೋಡಬೇಕಾದದ್ದು ತಯಾರಕರು ಡ್ರೈವರ್ ಜೊತೆಗೆ ಕೊಡುವ ಹಾಳೆಯಲ್ಲಿರುವ ರೇಖೆಯನ್ನು, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಧ್ವನಿ ಬರುತ್ತದೆ ಎಂದು ತೋರಿಸುವ ಗ್ರಾಫನ್ನು.

ವ್ಯಾಟ್ ಎಂಬುದು ವಾಯ್ಸ್ ಕಾಯಿಲ್, ಅಂದರೆ ಡ್ರೈವರಿನ ಕೋನ್ ಎಂಬ ಕಂಪಿಸುವ ಶಂಕುವನ್ನು ಅಲುಗಿಸುವ ತಂತಿಯ ಸುರುಳಿ, ಸುಟ್ಟುಹೋಗದೆ ಎಷ್ಟು ಬಿಸಿ ತಡೆದೀತು ಎಂಬ ಲೆಕ್ಕ, ಅಷ್ಟೆ. ಮನೆಯ ಸ್ಪೀಕರ್‌ಗೆ 100 ವ್ಯಾಟ್ ಕೊಟ್ಟರೆ ಧ್ವನಿಯಾಗಿ ಹೊರಬರುವುದು ಸಾಮಾನ್ಯವಾಗಿ ಒಂದು ವ್ಯಾಟ್‌ಗಿಂತಲೂ ಕಡಿಮೆ; ಮಿಕ್ಕಿದ್ದೆಲ್ಲ ಶಾಖ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ಸದ್ದಿನ ಮಟ್ಟವನ್ನು ಸಂವೇದನೆ ಎನ್ನುತ್ತಾರೆ. 89 ಡೆಸಿಬೆಲ್ ಸಂವೇದನೆಯ ಡ್ರೈವರ್ 50 ವ್ಯಾಟ್‌ನಲ್ಲಿ ಮಾಡುವ ಸದ್ದನ್ನು ಮಾಡಲು 86 ಡೆಸಿಬೆಲ್‌ನ ಡ್ರೈವರ್‌ಗೆ 100 ವ್ಯಾಟ್ ಬೇಕು. ಹೀಗಿರುವಾಗ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ವ್ಯಾಟಿನ ಅಂಕಿ ನಿಮಗೆ ಏನು ಹೇಳಿತು?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಲ್ಯೂಮಿನಿಯಂ ಕೋನ್‌ನ ಆರೂವರೆ ಇಂಚಿನ, ಕೆಳಗಿನ ಸ್ವರಗಳನ್ನು ನುಡಿಸುವ ಎರಡು ವೂಫರ್‌ಗಳನ್ನು ತಂದೆ. ಭಾರವಾಗಿದ್ದವು, ಹೊಳೆಯುತ್ತಿದ್ದವು, ಇವಕ್ಕಿಂತ ಬೇರೇನು ಬೇಕೆಂದುಕೊಂಡೆ. ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಂದೇ ಒಂದು ಕಾಯಿಲ್ ಹಾಕಿ 3000 ಹರ್ಟ್ಸ್‌ನಲ್ಲಿ ಕ್ರಾಸ್‌ಓವರ್ ಮಾಡಿ, ಅಂದರೆ ಅದಕ್ಕಿಂತ ಮೇಲಿನ ಸ್ವರಗಳನ್ನು ಟ್ವೀಟರ್ ಎಂಬ ಚಿಕ್ಕ ಡ್ರೈವರಿಗೆ ಬಿಟ್ಟು, ಮೃದಂಗ ನುಡಿಸುತ್ತಿದ್ದ ನನ್ನ ಸೋದರಮಾವನನ್ನು ಕೇಳಲು ಕರೆದೆ. ಕಚೇರಿಯ ಧ್ವನಿಮುದ್ರಣ ಐದು ನಿಮಿಷ ಓಡಿರಬಹುದು. "ಏನೋ ಇದು, ಪಿಟೀಲಿಗೆ ತಗಡು ಕಟ್ಟಿದ ಹಾಗಿದೆಯಲ್ಲೋ?" ಎಂದರು. ನನಗೆ ಸಿಟ್ಟು ಬಂತು. ಅವರು ಎದ್ದುಬಂದು ಕೋನ್‌ನ ಅಂಚನ್ನು ತೋರುಬೆರಳಿನಿಂದ ಮೆಲ್ಲಗೆ ತಟ್ಟಿದರು, ಟಿಣ್ ಎಂದಿತು. ಮೂಲೆಯಲ್ಲಿ ಬಿದ್ದಿದ್ದ, ಹಳೆಯ ರೇಡಿಯೋದಿಂದ ಬಿಚ್ಚಿದ ಕಾಗದದ ಕೋನನ್ನು ತಟ್ಟಿದರು, ದಪ್ ಎಂದಿತು. "ನಿನ್ನದಕ್ಕೆ ಕರಣೆ ಹಾಕಿಲ್ಲ ಕಣೋ" ಎಂದು ನಕ್ಕರು. ಕರಣೆಯೆಂದರೆ ಮೃದಂಗದ ಬಲಮುಖದ ನಡುವೆ ಹಾಕುವ ಕಪ್ಪು ಲೇಪ.

ಆ ಮಾತಿನಲ್ಲಿ ತಮಾಷೆಗಿಂತ ವಿಜ್ಞಾನವೇ ಹೆಚ್ಚಿತ್ತು. ಬಿಗಿದ ಬರಿಯ ಚರ್ಮವನ್ನು ಬಡಿದರೆ ಅದು ಹಲವು ತುಂಡುಗಳಾಗಿ ಕಂಪಿಸಿ, ಒಂದಕ್ಕೊಂದು ಹೊಂದದ ಸ್ವರಗಳನ್ನು ಹೊರಡಿಸುತ್ತದೆ. ಮೃದಂಗದ ಬಲಂತಲೆಯ ಕರಣೆ ಆ ಕಂಪನಗಳನ್ನು ಶ್ರುತಿಗೆ ತರುತ್ತದೆಯೆಂಬುದನ್ನು ಸಿ.ವಿ. ರಾಮನ್ 1920ರಷ್ಟು ಹಿಂದೆಯೇ ಬರೆದಿದ್ದರು. ಸ್ಪೀಕರ್ ಕೋನ್ ಕೂಡ ಕೆಳಗಿನ ಆವರ್ತನಗಳಲ್ಲಿ ಇಡಿಯಾಗಿ ಹಿಂದುಮುಂದಾಗುತ್ತದೆ, ಮೇಲೆ ಹೋದಂತೆ ತುಂಡುತುಂಡಾಗಿ ಅಲುಗುತ್ತದೆ. ಕಾಗದ ಆ ಅಲುಗಾಟವನ್ನು ತನ್ನೊಳಗೇ ಇಂಗಿಸಿಕೊಳ್ಳುತ್ತದೆ. ಗಡುಸಾದ ಲೋಹ ಘಂಟೆಯಂತೆ ಮೊಳಗುತ್ತದೆ. ವಾದ್ಯಕ್ಕೆ ಸ್ವಂತ ನಾದ ಬೇಕು, ಸ್ಪೀಕರ್‌ಗೆ ಅದು ಇರಲೇಬಾರದು.

ಆ ರಾತ್ರಿ ಹಾಳೆಯನ್ನು ತೆಗೆದು ನೋಡಿದೆ. 5000 ಹರ್ಟ್ಸ್ ಬಳಿ ರೇಖೆ ಹತ್ತು ಡೆಸಿಬೆಲ್ ಎತ್ತರಕ್ಕೆ ಗುಡ್ಡದಂತೆ ಎದ್ದು ನಿಂತಿತ್ತು. ನನ್ನ ಒಂಟಿ ಕಾಯಿಲ್ ಅಲ್ಲಿ ತಗ್ಗಿಸುತ್ತಿದ್ದದ್ದು ಆರು ಡೆಸಿಬೆಲ್ ಮಾತ್ರ. ಉಳಿದ ನಾಲ್ಕು ಪಿಟೀಲಿನ ಮೇಲೆ ಕೂತಿತ್ತು. ಮೊದಲೇ ರೇಖೆ ನೋಡಿದ್ದರೆ ಇದೆಲ್ಲ ತಿಳಿಯುತ್ತಿತ್ತು. ಲೋಹದ ಕೋನನ್ನೇ ಇಟ್ಟುಕೊಂಡು, ಕ್ರಾಸ್‌ಓವರನ್ನು 2000 ಹರ್ಟ್ಸ್‌ಗೆ ಇಳಿಸಿ, ಅಷ್ಟಮಕ್ಕೆ, ಅಂದರೆ ಆವರ್ತನ ಇಮ್ಮಡಿಯಾದಂತೆಲ್ಲ, 24 ಡೆಸಿಬೆಲ್‌ನಂತೆ ಕಡಿದಾಗಿ ಕತ್ತರಿಸಿದಾಗ ಆ ಗುಡ್ಡ ಮೂವತ್ತು ಡೆಸಿಬೆಲ್‌ಗೂ ಹೆಚ್ಚು ಕೆಳಗಿಳಿಯಿತು. ಆದರೆ ಅಷ್ಟು ಕೆಳಗಿನಿಂದ ಹಾಡಬಲ್ಲ ಟ್ವೀಟರ್ ಬೇಕಾಯಿತು. ಅದರ ಅನುರಣನ, ಅಂದರೆ ಅದು ತಾನಾಗಿಯೇ ಹೆಚ್ಚು ಕಂಪಿಸುವ ಆವರ್ತನ, 1000 ಹರ್ಟ್ಸ್‌ಗಿಂತ ಕೆಳಗಿರಬೇಕು. ಹಳೆಯ ಟ್ವೀಟರನ್ನು ಬಿಟ್ಟು ರೇಷ್ಮೆ ಗುಮ್ಮಟದ ಹೊಸದನ್ನು ಕೊಂಡೆ, ಈ ಸಲ ರೇಖೆ ನೋಡಿಯೇ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಎದುರಿನಿಂದ ಅಳೆದ ರೇಖೆಯೊಂದೇ ಸಾಲದು, 30 ಡಿಗ್ರಿ ಪಕ್ಕದಿಂದ ಅಳೆದದ್ದನ್ನೂ ನೋಡಿ. ಮನೆಯವರೆಲ್ಲ ಸ್ಪೀಕರಿನ ಮುಂದೆಯೇ ಕೂರುವುದಿಲ್ಲ. ಪೆಟ್ಟಿಗೆಯ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಥೀಲಿ ಮತ್ತು ಸ್ಮಾಲ್ ಎಂಬ ಇಬ್ಬರು ಎಂಜಿನಿಯರುಗಳ ಹೆಸರಿನ ಅಂಕಿಗಳು ಅದೇ ಹಾಳೆಯಲ್ಲಿರುತ್ತವೆ. ಅವುಗಳಲ್ಲಿ ಕ್ಯೂಟಿಎಸ್ ಎಂಬುದು, ಅಂದರೆ ಡ್ರೈವರಿನ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ತೋರಿಸುವ ಅಂಕಿ, ಸುಮಾರು 0.4ಕ್ಕಿಂತ ಕಡಿಮೆಯಿದ್ದರೆ ಕೊಳವೆಯಿಟ್ಟ ಪೆಟ್ಟಿಗೆ, ಹೆಚ್ಚಿದ್ದರೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಹಾಳೆಯನ್ನೇ ಕೊಡದ ಡ್ರೈವರನ್ನು, ದಯವಿಟ್ಟು, ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ನಮಸ್ಕಾರ.